ಹುಣ್ಣಿನ ನೋವಿಗೆ ಮಾರ್ಫಿನ್: ಡೋಸ್ ಏರಿದರೆ ಅದು ಚಟವೇ?

ತಿಂಗಳ ಮೊದಲ ಶುಕ್ರವಾರ ಅಸ್ವಸ್ಥರ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳು, ಧರ್ಮಭಗಿನಿಯರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಹಾಗೂ ವಾಳೆಯ ಗುರಿಕಾರರಿಗೆ ಮನೆಯವರು ಬಾಗಿಲ ಬಳಿ ನಿಲ್ಲಿಸಿ, ಒಳಗಿರುವ ರೋಗಿಗೆ ಕೇಳಿಸದಂತೆ ಕೇಳುವ ಪ್ರಶ್ನೆಯೊಂದಿದೆ. "ಫಾದರ್, ಅಪ್ಪನಿಗೆ ಮೊದಲು ದಿನಕ್ಕೆ ಆರು ಮಾತ್ರೆ ಸಾಕಾಗುತ್ತಿತ್ತು. ಈಗ ಹನ್ನೆರಡು ಕೊಟ್ಟರೂ ನೋವು ಅನ್ನುತ್ತಾರೆ. ಇದು ಚಟ ಹಿಡಿದ ಹಾಗೆ ಅಲ್ಲವೇ?" ಹೀಗೆ ಕೇಳುವವರಲ್ಲಿ ಹಲವರು ಆ ಹೊತ್ತಿಗಾಗಲೇ ರಾತ್ರಿಯ ಒಂದು ಮಾತ್ರೆಯನ್ನು ತಾವಾಗಿಯೇ ತಪ್ಪಿಸಿರುತ್ತಾರೆ. ಅದು ನಿರ್ದಯೆಯಿಂದಲ್ಲ, ಭಯದಿಂದ. ಆದರೆ ಆ ಭಯದ ಬೆಲೆಯನ್ನು ತೆರುವವನು ಹಾಸಿಗೆಯಲ್ಲಿ ಮಲಗಿದವನು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ನಮ್ಮ ಕರಾವಳಿಯಲ್ಲಿ ತೆರೆದ ಹುಣ್ಣಿನೊಂದಿಗೆ ನರಳುವ ರೋಗಿ ಎಂದರೆ ಮೊದಲು ನೆನಪಿಗೆ ಬರುವುದು ಬಾಯಿಯ ಕ್ಯಾನ್ಸರ್. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವುದರ ಅಪಾಯ ಎಲ್ಲರಿಗೂ ಗೊತ್ತು. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. (ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಬರೆಯುವುದು ಯಾರಿಗೂ ಇಷ್ಟದ ಕೆಲಸವಲ್ಲ.) ಗಡ್ಡೆ ಬೆಳೆದು ಕೆನ್ನೆಯನ್ನೋ ದವಡೆಯ ಕೆಳಗಿನ ಚರ್ಮವನ್ನೋ ಒಡೆದು ಹೊರಗೆ ಬಂದಾಗ ಅದು ಮಾಯದ ಹುಣ್ಣಾಗುತ್ತದೆ. ಸ್ತನ ಕ್ಯಾನ್ಸರನ್ನು ನಾಚಿಕೆಯಿಂದ ಬಹಳ ಕಾಲ ಮುಚ್ಚಿಟ್ಟವರಲ್ಲಿಯೂ ಇದೇ ಸ್ಥಿತಿ. ಇನ್ನು ಸೊಂಟದ ಹಾಸಿಗೆ ಹುಣ್ಣು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಸುಟ್ಟ ಗಾಯ ಇವೆಲ್ಲ ಇವೆ. ಇವುಗಳಲ್ಲಿ ನೋವು ತೀವ್ರವಾದಾಗ ವೈದ್ಯರು ಮಾರ್ಫಿನ್, ಫೆಂಟನಿಲ್, ಟ್ರಮಡಾಲ್ ಮುಂತಾದ ಒಪಿಯಾಯ್ಡ್ ಔಷಧಿಗಳನ್ನು ಕೊಡುತ್ತಾರೆ. ಮಾರ್ಫಿನ್ ಅಫೀಮಿನಿಂದಲೇ ಬರುವಂಥದ್ದು. ಉಳಿದೆರಡನ್ನು ಕಾರ್ಖಾನೆಯಲ್ಲಿ ತಯಾರಿಸುತ್ತಾರೆ, ಆದರೆ ಕೆಲಸ ಅದೇ ಜಾತಿಯದು.

ದೇಹ ಒಗ್ಗಿಕೊಳ್ಳುವುದೆಂದರೆ ಏನು?

ಮಿದುಳು ಹಾಗೂ ಬೆನ್ನುಹುರಿಯ ನರಕೋಶಗಳ ಮೇಲೆ ಒಪಿಯಾಯ್ಡ್ ಗ್ರಾಹಕಗಳೆಂಬ ಸೂಕ್ಷ್ಮ ರಚನೆಗಳಿವೆ. ದೇಹವೇ ತಯಾರಿಸುವ ಎಂಡಾರ್ಫಿನ್‌ನಂತಹ ನೋವುಶಾಮಕಗಳಿಗಾಗಿ ಇವು ಇರುವುದು. ಮಾರ್ಫಿನ್ ಬೀಗಕ್ಕೆ ಕೀಲಿಕೈ ಹೊಂದುವಂತೆ ಅಲ್ಲಿ ಕುಳಿತು, ನೋವಿನ ಸುದ್ದಿ ಮೇಲಕ್ಕೆ ಹೋಗುವುದನ್ನು ತಗ್ಗಿಸುತ್ತದೆ. ಪ್ರತಿದಿನ ಹೀಗೆ ನಡೆಯುವಾಗ ಕೋಶಗಳು ತಮ್ಮ ಸಮತೋಲ ಕಾಯ್ದುಕೊಳ್ಳಲು ನೋಡುತ್ತವೆ. ಕೆಲವು ಗ್ರಾಹಕಗಳು ಮಂಕಾಗುತ್ತವೆ, ಕೆಲವನ್ನು ಕೋಶ ತನ್ನೊಳಗೆ ಎಳೆದುಕೊಳ್ಳುತ್ತದೆ, ನೋವನ್ನು ಮೇಲೆ ಸಾಗಿಸುವ ಬೇರೆ ದಾರಿಗಳು ಚುರುಕಾಗುತ್ತವೆ. ಪರಿಣಾಮವಾಗಿ ಮೊದಲಿನ ಪ್ರಮಾಣದಿಂದ ಮೊದಲಿನಷ್ಟು ಶಮನ ಸಿಗುವುದಿಲ್ಲ. ಇದನ್ನೇ ವೈದ್ಯರು ಟಾಲರೆನ್ಸ್ ಎನ್ನುತ್ತಾರೆ. ಮೊದಲ ಸಲ ಖಾರದ ಮೀನು ಸಾರು ಉಂಡ ಮಗು ಕಣ್ಣೀರು ಸುರಿಸುತ್ತದೆ, ವರ್ಷ ಕಳೆದರೆ ಅದೇ ಸಾರನ್ನು ಕೇಳಿ ಹಾಕಿಸಿಕೊಳ್ಳುತ್ತದೆ. ಮಗುವಿಗೆ ಮೆಣಸಿನ ಚಟ ಹಿಡಿಯಿತೆಂದು ಯಾರೂ ಹೇಳುವುದಿಲ್ಲ.

ಗಮನಿಸಬೇಕಾದ ಅಂಶವೆಂದರೆ, ದೇಹ ಎಲ್ಲದಕ್ಕೂ ಒಂದೇ ವೇಗದಲ್ಲಿ ಒಗ್ಗುವುದಿಲ್ಲ. ಮಾರ್ಫಿನ್ ಆರಂಭಿಸಿದಾಗ ಬರುವ ವಾಕರಿಕೆ ಮತ್ತು ತೂಕಡಿಕೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ವಾರದಲ್ಲಿ ಕಡಿಮೆಯಾಗುತ್ತವೆ. ಇದು ಒಳ್ಳೆಯ ಬಗೆಯ ಟಾಲರೆನ್ಸ್. ಮಲಬದ್ಧತೆಗೆ ಮಾತ್ರ ದೇಹ ಒಗ್ಗುವುದೇ ಇಲ್ಲ ಎನ್ನಬಹುದು. ಆದುದರಿಂದ ಮಾರ್ಫಿನ್ ತೆಗೆದುಕೊಳ್ಳುವಷ್ಟು ದಿನವೂ ಮಲ ಸಡಿಲಿಸುವ ಔಷಧಿ ಬೇಕು. ನಾಲ್ಕು ದಿನ ಹೊರಗೆ ಹೋಗದೆ ಹೊಟ್ಟೆ ಉಬ್ಬಿ, ಆ ಸಂಕಟದಿಂದಲೇ ಮಾರ್ಫಿನ್ ಬೇಡವೆಂದು ಬಿಸಾಡಿದವರು ಕಡಿಮೆಯೇನಲ್ಲ.

ಇಲ್ಲಿ ಮೂರು ವಿಷಯಗಳನ್ನು ಕಲಸುಮೇಲೋಗರ ಮಾಡಬಾರದು. ಒಂದೇ ಪ್ರಮಾಣದ ಪರಿಣಾಮ ಕುಗ್ಗುವುದು ಟಾಲರೆನ್ಸ್. ಔಷಧಿಯನ್ನು ಹಠಾತ್ತಾಗಿ ನಿಲ್ಲಿಸಿದರೆ ಬೆವರು, ಆಕಳಿಕೆ, ಮೂಗು ಸೋರುವುದು, ಭೇದಿ, ಮೈನಡುಕ ಕಾಣಿಸಿಕೊಳ್ಳುವುದು ದೈಹಿಕ ಅವಲಂಬನೆ. ಕೆಲವು ವಾರ ನಿಯಮಿತವಾಗಿ ತೆಗೆದುಕೊಂಡ ಯಾರಿಗೂ ಇದು ಆಗಬಹುದು, ಸಭಾಪಾಲನೆಯಲ್ಲಿ ಜೀವ ಸವೆಸಿದ ಗುರುವಿಗೂ ಆಗಬಹುದು. ಚಟ ಎಂಬುದು ಮೂರನೆಯದು, ಬೇರೆಯೇ ವಿಷಯ: ನೋವಿಲ್ಲದಿದ್ದರೂ ಔಷಧಿಗಾಗಿ ಹಂಬಲ, ಕೈಮೀರಿದ ಬಳಕೆ, ಹಾನಿಯಾಗುತ್ತಿದ್ದರೂ ಬಿಡಲಾಗದ ಸ್ಥಿತಿ. ಕುಡಿತದ ಚಟ ಹಿಡಿದವನು ಕುಡಿದಷ್ಟೂ ಬದುಕಿನಿಂದ ದೂರ ಸರಿಯುತ್ತಾನೆ. ನೋವಿಗೆ ತಕ್ಕ ಮಾರ್ಫಿನ್ ಸಿಕ್ಕ ರೋಗಿಯಾದರೋ ಎದ್ದು ಕುಳಿತು ಗಂಜಿ ಕೇಳುತ್ತಾನೆ, ಮೊಮ್ಮಕ್ಕಳನ್ನು ಕರೆಯುತ್ತಾನೆ. ಮನೆಯವರಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ, ಹೇಳಿಕೊಡುವವರು ಬೇಕಷ್ಟೆ.

ಹ್ಯಾಕ್ನಿಯ ಭಗಿನಿಯರ ಆಸ್ಪತ್ರೆಯಲ್ಲಿ

ಒಂದು ಕಾಲದಲ್ಲಿ ವೈದ್ಯರೂ ನಮ್ಮ ಮನೆಯವರಂತೆಯೇ ಯೋಚಿಸುತ್ತಿದ್ದರು. ಮಾರ್ಫಿನನ್ನು ಬೇಗ ಆರಂಭಿಸಿದರೆ ದೇಹ ಒಗ್ಗಿಹೋಗಿ, ಕೊನೆಯ ದಿನಗಳಲ್ಲಿ ಅದು ನಾಟುವುದೇ ಇಲ್ಲ. ಆದ್ದರಿಂದ ರೋಗಿ ಸಹಿಸಲಾಗದೆ ಕೂಗುವವರೆಗೆ ಕಾಯಬೇಕು ಎಂಬುದು ರೂಢಿ. ಈ ರೂಢಿಯನ್ನು ಮುರಿದವರು ಇಂಗ್ಲೆಂಡಿನ ಡಾ. ಸಿಸಿಲಿ ಸಾಂಡರ್ಸ್. ಅವರು ದಾದಿಯಾಗಿದ್ದವರು, ಬಳಿಕ ಆಸ್ಪತ್ರೆಯ ಸಮಾಜ ಸೇವಕಿ, ಆಮೇಲೆ ನೋವಿನ ವಿಷಯಕ್ಕಾಗಿಯೇ ವೈದ್ಯಕೀಯ ಓದಿದವರು. 1958ರಿಂದ ಏಳು ವರ್ಷ ಅವರು ಕೆಲಸ ಮಾಡಿದ್ದು ಲಂಡನ್ನಿನ ಹ್ಯಾಕ್ನಿಯಲ್ಲಿ ಐರಿಷ್ ಕಥೋಲಿಕ ಭಗಿನಿಯರು ನಡೆಸುತ್ತಿದ್ದ ಸಂತ ಜೋಸೆಫರ ಹಾಸ್ಪೈಸ್‌ನಲ್ಲಿ. ಸಾಂಡರ್ಸ್ ಆಂಗ್ಲಿಕನ್ ಸಭೆಗೆ ಸೇರಿದವರು, ಭಗಿನಿಯರು ಕಥೋಲಿಕರು. ರೋಗಿಗಳ ಹಾಸಿಗೆಯ ಬಳಿ ಅದು ತೊಡಕಾಗಲಿಲ್ಲ.

ಅಲ್ಲಿ ಅವರು ಮಾಡಿದ ಬದಲಾವಣೆ ಹೇಳಲು ಬಹಳ ಸರಳ. ನೋವು ಬಂದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಬಾಯಿಯ ಮೂಲಕ ಕೊಡುವುದು. ಹಿಂದಿನ ಡೋಸ್‌ನ ಪ್ರಭಾವ ಇಳಿಯುವ ಮುನ್ನವೇ ಮುಂದಿನದು. ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಯನ್ನು ಅವರು ಒಂದೊಂದಾಗಿ ಬರೆದಿಟ್ಟರು. ಆ ದಾಖಲೆಗಳಿಂದ ತಿಳಿದುಬಂದದ್ದು ಅಂದಿನ ನಂಬಿಕೆಗೆ ವಿರುದ್ಧವಾಗಿತ್ತು. ನಿಯಮಿತವಾಗಿ ಕೊಟ್ಟಾಗ ಬಹುತೇಕ ರೋಗಿಗಳಿಗೆ ಪ್ರಮಾಣ ಎಲ್ಲೆ ಮೀರಿ ಏರುವುದಿಲ್ಲ, ಎಷ್ಟೋ ಮಂದಿಗೆ ವಾರಗಟ್ಟಲೆ ಅದೇ ಪ್ರಮಾಣ ಸಾಕಾಗುತ್ತದೆ. ನೋವಿಗಾಗಿ ಕಾದು, ಅಂಗಲಾಚಿ, ಮತ್ತೆ ಕಾಯುವ ಸ್ಥಿತಿಯೇ ರೋಗಿಯನ್ನು ಔಷಧಿಯ ಬಗ್ಗೆ ಕಾತರಗೊಳಿಸುತ್ತದೆ. 1967ರಲ್ಲಿ ಅವರು ಸಂತ ಕ್ರಿಸ್ಟೋಫರರ ಹೆಸರಿನ ಹಾಸ್ಪೈಸ್ ತೆರೆದರು. ಜಗತ್ತಿನ ಉಪಶಾಮಕ ಚಿಕಿತ್ಸೆ, ಅಂದರೆ ಪಾಲಿಯೇಟಿವ್ ಕೇರ್, ಬೆಳೆದದ್ದು ಅಲ್ಲಿಂದ. ನಮ್ಮ ಮನೆಗಳಲ್ಲಿ ಇಂದು 10 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6 ಮತ್ತು ರಾತ್ರಿ 10ಕ್ಕೆ ಎಂದು ಚೀಟಿಯಲ್ಲಿ ಬರೆದು ಕೊಡುವುದರ ಮೂಲವೂ ಇದೇ. ರಾತ್ರಿಯದನ್ನು ಕೆಲವೊಮ್ಮೆ ಇಮ್ಮಡಿ ಬರೆದಿರುತ್ತಾರೆ, ನಡುರಾತ್ರಿ ಎಬ್ಬಿಸಬಾರದೆಂದು. ಅದನ್ನು ಬರವಣಿಗೆಯ ತಪ್ಪೆಂದು ತಿಳಿದು ಅರ್ಧ ಮಾಡಬಾರದು.

ಹಾಗಾದರೆ ಮಾತ್ರೆ ಏಕೆ ಸಾಲುವುದಿಲ್ಲ?

ಹುಣ್ಣಿರುವ ರೋಗಿಗೆ ಡೋಸ್ ಸಾಲದೆ ಬಂದಾಗ ಟಾಲರೆನ್ಸನ್ನು ದೂರುವ ಮೊದಲು ಹುಣ್ಣನ್ನೇ ನೋಡಬೇಕು. ಕ್ಯಾನ್ಸರ್ ರೋಗಿಗಳಲ್ಲಿ ಪ್ರಮಾಣ ಏರಿಸಬೇಕಾಗಿ ಬರುವುದಕ್ಕೆ ಹೆಚ್ಚಾಗಿ ಕಾರಣ ಕಾಯಿಲೆ ಮುಂದುವರಿದಿರುವುದೇ ಎಂದು ಈ ಕ್ಷೇತ್ರದ ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಹುಣ್ಣು ಅಗಲವಾಗಿರಬಹುದು, ಆಳವಾಗಿರಬಹುದು, ಎಲುಬನ್ನು ಮುಟ್ಟಿರಬಹುದು. ಚರ್ಮ ಹೋದ ಜಾಗದಲ್ಲಿ ನರದ ತುದಿಗಳು ಬರಿದಾಗಿರುತ್ತವೆ, ಉರಿಯೂತದಲ್ಲಿ ಒಸರುವ ರಾಸಾಯನಿಕಗಳು ಅವುಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತವೆ. ಆಗ ಫ್ಯಾನಿನ ಗಾಳಿ ತಾಗಿದರೂ ನೋವು.

ಸೋಂಕು ಇನ್ನೊಂದು ಕಾರಣ. ಎರಡು ಮೂರು ದಿನಗಳಲ್ಲಿ ನೋವು ದಿಢೀರನೆ ಏರಿ, ದುರ್ನಾತ ಹೆಚ್ಚಿ, ಸುತ್ತಲೂ ಕೆಂಪಾಗಿ ಬಿಸಿಯಾಗಿದ್ದರೆ ಅಲ್ಲಿ ಬೇಕಾದದ್ದು ಇನ್ನೊಂದು ಮಾರ್ಫಿನ್ ಮಾತ್ರೆಗಿಂತ ಮೊದಲು ಸೋಂಕಿನ ಚಿಕಿತ್ಸೆ. ಆಮ್ಲಜನಕವಿಲ್ಲದೆಡೆ ಬೆಳೆಯುವ ರೋಗಾಣುಗಳಿಂದ ಬರುವ ಆ ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸುವ ಸುಲಭ ಉಪಾಯವನ್ನು ನಮ್ಮ ದೇಶದ ಉಪಶಾಮಕ ಚಿಕಿತ್ಸಾ ತಂಡಗಳು ವ್ಯಾಪಕವಾಗಿ ಬಳಸುತ್ತಿವೆ. ವೈದ್ಯರನ್ನು ಕೇಳಿ ಮಾಡಬೇಕು. ಸೋಂಕು ಇಳಿದಾಗ ನೋವೂ ಇಳಿದು, ಮಾರ್ಫಿನ್ ಪ್ರಮಾಣವನ್ನು ತಗ್ಗಿಸಬೇಕಾಗಿ ಬರುವುದೂ ಉಂಟು. ವಾಸನೆಯ ಬಗ್ಗೆ ಒಂದು ಮಾತು: ನೆರೆಹೊರೆಯವರು ಬರುವುದನ್ನು ನಿಲ್ಲಿಸುವುದು ಅದರಿಂದಲೇ. ಭೇಟಿಗೆ ಹೋದವರು ಮೂಗಿಗೆ ಕರ್ಚೀಫು ಹಿಡಿಯದೆ ಹತ್ತು ನಿಮಿಷ ಕುಳಿತರೂ ರೋಗಿಗೆ ಅದು ದೊಡ್ಡದು.

ಮೂರನೆಯದು ಡ್ರೆಸ್ಸಿಂಗ್. ದಿನವಿಡೀ ನೆಮ್ಮದಿಯಾಗಿದ್ದವರು ಬಟ್ಟೆ ಬದಲಿಸುವ ಅರ್ಧ ಗಂಟೆಯಲ್ಲಿ ಚೀರುತ್ತಾರೆ. ಮನೆಯವರು ಇದನ್ನು ಕಂಡು ದಿನದ ಮಾತ್ರೆಯೇ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳುತ್ತಾರೆ. ನಿಜವಾಗಿ ಕೊರತೆ ಇರುವುದು ಆ ಅರ್ಧ ಗಂಟೆಗೆ ಮಾತ್ರ. ಸಾಮಾನ್ಯ ಮಾರ್ಫಿನ್ ಮಾತ್ರೆ ನುಂಗಿದ ಸುಮಾರು ಒಂದು ಗಂಟೆಗೆ ಅದರ ಪ್ರಭಾವ ಹೆಚ್ಚಾಗಿರುತ್ತದೆ. ಆದ್ದರಿಂದ ಡ್ರೆಸ್ಸಿಂಗಿಗೆ ಅರ್ಧದಿಂದ ಒಂದು ಗಂಟೆ ಮೊದಲು ವೈದ್ಯರು ಹೇಳಿದಷ್ಟು ಹೆಚ್ಚುವರಿ ಡೋಸ್ ಕೊಟ್ಟರೆ ಬಹಳ ಅನುಕೂಲ. ಒಣಗಿ ಅಂಟಿದ ಗಾಜ್ ಬಟ್ಟೆಯನ್ನು ಎಳೆದು ಕೀಳುವುದಂತೂ ಕೂಡದು. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಅದನ್ನು ಚೆನ್ನಾಗಿ ನೆನೆಸಬೇಕು, ತಾನಾಗಿ ಬಿಡುವವರೆಗೆ ಕಾಯಬೇಕು. ಡೆಟ್ಟಾಲ್, ಸ್ಪಿರಿಟ್, ಹೈಡ್ರೊಜನ್ ಪೆರಾಕ್ಸೈಡ್ ಯಾವುದೂ ಬೇಡ; ಅವು ಉರಿಯನ್ನೂ ಹೆಚ್ಚಿಸುತ್ತವೆ, ಇರುವ ಒಳ್ಳೆಯ ಕೋಶಗಳನ್ನೂ ಕೊಲ್ಲುತ್ತವೆ. ಹೀಗೆ ಮಾಡಿದರೆ ಎಷ್ಟೋ ಮನೆಗಳಲ್ಲಿ ಡೋಸ್ ಏರಿಸುವ ಪ್ರಶ್ನೆಯೇ ಬರುವುದಿಲ್ಲ.

ಗಡ್ಡೆ ನರವನ್ನೇ ಕೊರೆದಿದ್ದರೆ ನೋವಿನ ಬಗೆ ಬದಲಾಗುತ್ತದೆ: ಕರೆಂಟು ಹೊಡೆದಂತೆ, ಬೆಂಕಿ ಇಟ್ಟಂತೆ ಎಂದು ರೋಗಿಗಳು ವರ್ಣಿಸುತ್ತಾರೆ. ಇದಕ್ಕೆ ಮಾರ್ಫಿನ್ ಒಂದೇ ಸಾಲದು. ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್‌ನಂತಹ ಔಷಧಿ ಜೊತೆಗೆ ಬೇಕಾಗುತ್ತದೆ.

ಇವೆಲ್ಲವನ್ನೂ ನೋಡಿ ಆದ ಮೇಲೆ ಉಳಿಯುವುದೇ ನಿಜವಾದ ಟಾಲರೆನ್ಸ್. ಅದೂ ಇದೆ, ಇಲ್ಲವೆಂದಲ್ಲ. ದೊಡ್ಡ ಸುಟ್ಟ ಗಾಯದವರಲ್ಲಿ ಅದು ಬೇಗನೆ ಬರುತ್ತದೆ. ಆಗ ವೈದ್ಯರು ಪ್ರಮಾಣ ಏರಿಸಬಹುದು, ಅಥವಾ ಒಂದು ಒಪಿಯಾಯ್ಡ್ ಬಿಟ್ಟು ಇನ್ನೊಂದಕ್ಕೆ ಬದಲಾಯಿಸಬಹುದು. ಒಂದಕ್ಕೆ ಒಗ್ಗಿದ ದೇಹ ಇನ್ನೊಂದಕ್ಕೆ ಅಷ್ಟೇ ಒಗ್ಗಿರುವುದಿಲ್ಲವಾದ್ದರಿಂದ, ಹೊಸದನ್ನು ಲೆಕ್ಕಕ್ಕಿಂತ ಕಾಲು ಭಾಗದಿಂದ ಅರ್ಧದಷ್ಟು ಕಡಿಮೆ ಮಾಡಿ ಆರಂಭಿಸುತ್ತಾರೆ. ಇದು ಮನೆಯಲ್ಲಿ ಕುಳಿತು ಮಾಡುವ ಲೆಕ್ಕವಲ್ಲ. ಅಪರೂಪಕ್ಕೆ ಇನ್ನೊಂದು ವಿಚಿತ್ರವೂ ನಡೆಯುತ್ತದೆ. ಪ್ರಮಾಣ ಏರಿಸಿದಷ್ಟೂ ನೋವು ಹೆಚ್ಚುತ್ತದೆ, ಹುಣ್ಣಿಲ್ಲದ ಕಡೆಯೂ ಹೊದಿಕೆ ತಾಗಿದರೆ ನೋಯುತ್ತದೆ, ಕೈಕಾಲು ತಾನಾಗಿ ಜರ್ಕ್ ಹೊಡೆಯುತ್ತದೆ. ಔಷಧಿಯೇ ನರಗಳನ್ನು ಅತಿಸೂಕ್ಷ್ಮಗೊಳಿಸಿರುವ ಸ್ಥಿತಿ ಇದು. ಮೂತ್ರಪಿಂಡ ಸೋತವರಲ್ಲಿ ಮಾರ್ಫಿನ್‌ನ ಅಂಶ ರಕ್ತದಲ್ಲಿ ಉಳಿದು ತೂಕಡಿಕೆ, ಗೊಂದಲ, ಜರ್ಕ್ ತರುವುದೂ ಉಂಟು. ಇಂತಹದ್ದನ್ನು ಕಂಡರೆ ಅಂದೇ ವೈದ್ಯರಿಗೆ ಫೋನ್ ಮಾಡಬೇಕು.

ಹುಣ್ಣಿನ ಮೇಲೆಯೇ ಮಾರ್ಫಿನ್ ಹಚ್ಚಿದರೆ? ಇದನ್ನೂ ತಜ್ಞರು ಪ್ರಯತ್ನಿಸಿದ್ದಾರೆ. ಉರಿಯೂತವಿರುವ ಜಾಗದ ನರತುದಿಗಳಲ್ಲಿ ಒಪಿಯಾಯ್ಡ್ ಗ್ರಾಹಕಗಳು ಹೆಚ್ಚುತ್ತವೆ ಎಂದು ಜರ್ಮನಿಯ ಸಂಶೋಧಕರು ತೋರಿಸಿದ್ದಾರೆ. ಉರಿಯೂತವಿದ್ದ ಇಲಿಗಳಿಗೆ ದೀರ್ಘಕಾಲ ಮಾರ್ಫಿನ್ ಕೊಟ್ಟರೂ ಆ ಜಾಗದ ಗ್ರಾಹಕಗಳು ಒಗ್ಗಿಹೋಗಲಿಲ್ಲ ಎಂಬುದು ಅವರು 2008ರಲ್ಲಿ ಪ್ರಕಟಿಸಿದ ಕುತೂಹಲದ ಫಲಿತಾಂಶ. ಮನುಷ್ಯರಲ್ಲಿ ಮಾರ್ಫಿನ್ ಜೆಲ್ ಹಚ್ಚಿ ನೋಡಿದಾಗ ಕೆಲವರಿಗೆ ಉಪಯೋಗವಾಗಿದೆ, ಕೆಲವರಿಗೆ ಇಲ್ಲ. ಮನೆಯಲ್ಲಿ ಮಾತ್ರೆ ಅರೆದು ಹಚ್ಚುವ ಸಾಹಸಕ್ಕೆ ಯಾರೂ ಇಳಿಯಬಾರದು. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನಂತೂ ಪುಡಿಮಾಡಲೇ ಬಾರದು.

ಭಯಕ್ಕೂ ಒಂದು ಕಾರಣವಿದೆ

ಚಟದ ಭಯ ಪೂರ್ತಿ ಸುಳ್ಳೆಂದು ಹೇಳಿದರೆ ಅದೂ ತಪ್ಪಾಗುತ್ತದೆ. 1980ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಐದೇ ವಾಕ್ಯಗಳ ಪತ್ರವೊಂದು ಅಚ್ಚಾಯಿತು. ಆಸ್ಪತ್ರೆಯಲ್ಲಿ ಒಪಿಯಾಯ್ಡ್ ಪಡೆದ 11,882 ರೋಗಿಗಳಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಎಂದು ಅದರಲ್ಲಿತ್ತು. ಅದು ಆಸ್ಪತ್ರೆಯೊಳಗೆ ಔಷಧಿ ಪಡೆದವರ ಲೆಕ್ಕ. ಅದನ್ನೇ ಆಧಾರ ಮಾಡಿಕೊಂಡು, ತಿಂಗಳುಗಟ್ಟಲೆ ಬೆನ್ನುನೋವಿಗೆ ಮನೆಯಲ್ಲಿ ನುಂಗಿದರೂ ಅಪಾಯವಿಲ್ಲ ಎಂಬ ಪ್ರಚಾರ 1990ರ ದಶಕದಲ್ಲಿ ನಡೆಯಿತು. ಆ ದೇಶ ಅನುಭವಿಸಿದ ದುರಂತ ಈಗ ಎಲ್ಲರಿಗೂ ತಿಳಿದದ್ದು. ಹಾಗಾಗಿ ಮಾಯುವ ಹುಣ್ಣಿಗೂ ಮಾಯದ ಹುಣ್ಣಿಗೂ ಒಂದೇ ಮಾತು ಹೇಳಲಾಗದು. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಮಾಯಬೇಕಾದದ್ದು. ದೀರ್ಘಕಾಲದ ಹುಣ್ಣಿರುವವರ ಕುರಿತು 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಒಪಿಯಾಯ್ಡ್ ಪಡೆದವರ ಹುಣ್ಣು ನಿಧಾನವಾಗಿ ಮಾಯಿತು. ದೊಡ್ಡ ಹುಣ್ಣಿನವರಿಗೇ ಹೆಚ್ಚು ಔಷಧಿ ಬೇಕಾಗುವುದರಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೂ ಅಂಥವರಿಗೆ ಪ್ಯಾರಸಿಟಮಾಲ್‌ನಂತಹ ಔಷಧಿಗಳಿಂದ ಆರಂಭಿಸಿ, ಒಪಿಯಾಯ್ಡ್ ಬೇಕಾದರೆ ಕಡಿಮೆ ಪ್ರಮಾಣ, ಕಡಿಮೆ ಅವಧಿ ಎಂಬ ಎಚ್ಚರ ಸರಿಯಾದದ್ದೇ. ಕೆನ್ನೆ ಒಡೆದು ಹೊರಬಂದ ಕ್ಯಾನ್ಸರಿಗೆ ಇದೇ ಎಚ್ಚರವನ್ನು ಅನ್ವಯಿಸುವುದು ಮಾತ್ರ ಕ್ರೌರ್ಯ. ಆ ಹುಣ್ಣು ಮಾಯುವುದಿಲ್ಲ, ಆ ಮನುಷ್ಯನಿಗೆ ಉಳಿದ ದಿನಗಳು ಬೇಕು.

ನಮ್ಮ ದೇಶದ ಕಷ್ಟ ಅಮೆರಿಕದ್ದಕ್ಕೆ ತಿರುಗುಮುರುಗು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರಕಾರದ ಪರವಾನಿಗೆಯಲ್ಲಿ ಅಫೀಮು ಬೆಳೆಯುತ್ತೇವೆ, ಹೊರದೇಶಗಳಿಗೆ ಕಳುಹಿಸುತ್ತೇವೆ. ಆದರೆ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ದೇಶದೊಳಗಿನ ಔಷಧೀಯ ಮಾರ್ಫಿನ್ ಬಳಕೆ ಶೇ. 97ರಷ್ಟು ಕುಸಿದು, 1997ರಲ್ಲಿ ಇಡೀ ದೇಶಕ್ಕೆ 18 ಕಿಲೋಗೆ ಇಳಿದಿತ್ತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಉಪಶಾಮಕ ಚಿಕಿತ್ಸೆಯ ಸಂಘ ಕಟ್ಟಿದವರಲ್ಲಿ ಒಬ್ಬರಾದ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಪಟ್ಟುಹಿಡಿದದ್ದರಿಂದ 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸಲೀಸಾಯಿತು. ನಮ್ಮ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ಚಿಕಿತ್ಸೆಯ ವಿಭಾಗವಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಇದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯವಿದೆ.

ಭಕ್ತರ ಮನಸ್ಸಿನಲ್ಲಿ ಇನ್ನೊಂದು ಅಳುಕು ಇರುತ್ತದೆ. ಶಿಲುಬೆಗೇರಿಸುವ ಮುನ್ನ ಕೊಟ್ಟ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸು ಸ್ವೀಕರಿಸಲಿಲ್ಲ ಎಂದು ಮಾರ್ಕನ ಶುಭಸಂದೇಶದಲ್ಲಿದೆ, ಹಾಗಿರುವಾಗ ನಾವು ನೋವು ತಪ್ಪಿಸಿಕೊಳ್ಳಬಹುದೇ ಎಂದು. ಧರ್ಮಸಭೆಯ ಉತ್ತರ ಹಳೆಯದು, ಸ್ಪಷ್ಟವಾದದ್ದು. ಪೋಪ್ ಹನ್ನೆರಡನೇ ಪಿಯೂಸರು 1957ರ ಫೆಬ್ರವರಿ 24ರಂದು ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಬೇರೆ ಉಪಾಯವಿಲ್ಲದಿದ್ದಲ್ಲಿ ನೋವು ಶಮನಕ್ಕಾಗಿ ಇಂತಹ ಔಷಧಿಗಳನ್ನು ಕೊಡಬಹುದು, ಅದರಿಂದ ಆಯುಷ್ಯ ಕಡಿಮೆಯಾಗುವ ಸಂಭವವಿದ್ದರೂ ಸರಿ ಎಂದಿದ್ದಾರೆ. ಕಥೋಲಿಕ ಧರ್ಮೋಪದೇಶದ 2279ನೇ ಪರಿಚ್ಛೇದವೂ ಅದನ್ನೇ ಹೇಳುತ್ತದೆ. ತಕ್ಕ ಪ್ರಮಾಣದ ಮಾರ್ಫಿನ್‌ನಿಂದ ಆಯುಷ್ಯ ಕುಗ್ಗುವುದಿಲ್ಲ ಎಂಬುದು ಇಂದಿನ ವೈದ್ಯರ ಅನುಭವ. ತನ್ನ ನೋವನ್ನು ಕ್ರಿಸ್ತರಿಗೆ ಅರ್ಪಿಸುತ್ತೇನೆಂದು ಒಬ್ಬ ರೋಗಿ ತಾನೇ ನಿರ್ಧರಿಸಬಹುದು. ಪಕ್ಕದಲ್ಲಿ ನಿಂತವರು ಅವನ ಪರವಾಗಿ ಹಾಗೆ ನಿರ್ಧರಿಸಿ ಮಾತ್ರೆ ಬಚ್ಚಿಡುವಂತಿಲ್ಲ.

ಭೇಟಿಗೆ ಹೋಗುವವರು ಮನೆಯವರಿಗೆ ತಿಳಿಸಬೇಕಾದ ಕೆಲವು ಎಚ್ಚರಿಕೆಗಳು ಉಳಿದಿವೆ. ಮಾರ್ಫಿನನ್ನು ಹಠಾತ್ತಾಗಿ ನಿಲ್ಲಿಸಬಾರದು. ಯಾವುದೋ ಕಾರಣಕ್ಕೆ ಕೆಲವು ದಿನ ನಿಂತಿದ್ದರೆ ಹಳೆಯ ಪ್ರಮಾಣದಿಂದಲೇ ಮತ್ತೆ ಶುರುಮಾಡಲೂಬಾರದು; ಒಗ್ಗಿಕೊಂಡಿದ್ದ ದೇಹ ಆ ಹೊತ್ತಿಗೆ ಮೊದಲಿನಂತಾಗಿರುತ್ತದೆ, ಉಸಿರಾಟ ಕುಗ್ಗುವ ಅಪಾಯವಿದೆ. ನೋವು ತಡೆಯಲಾಗದೆ ಹತ್ತಿರದ ಕ್ಲಿನಿಕ್ಕಿಗೆ ಓಡಿದಾಗ, ರೋಗಿ ಮಾರ್ಫಿನ್ ಮೇಲಿದ್ದಾನೆಂದು ಮೊದಲು ಹೇಳಬೇಕು, ಏಕೆಂದರೆ ಪೆಂಟಾಜೋಸಿನ್ ಇಂಜೆಕ್ಷನ್ ಮಾರ್ಫಿನ್‌ನ ಕೆಲಸವನ್ನು ತಡೆದು ಸಂಕಟವನ್ನು ಹೆಚ್ಚಿಸಬಹುದು. ಫೆಂಟನಿಲ್ ಪಟ್ಟಿ ಅಂಟಿಸಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬಾರದು, ಶಾಖಕ್ಕೆ ಔಷಧಿ ಒಮ್ಮೆಲೇ ಒಳಗೆ ಇಳಿಯುತ್ತದೆ. ಮಾತ್ರೆಗಳು ಬೀಗ ಹಾಕಿದ ಕಪಾಟಿನಲ್ಲಿರಲಿ, ಎಷ್ಟು ಖರ್ಚಾಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಡ್ರೆಸ್ಸಿಂಗ್ ಮಾಡಿದ ಸಮಯವನ್ನೂ ನೋವು ಏರಿದ ಸಮಯವನ್ನೂ ಅದರಲ್ಲೇ ಗುರುತಿಸಿದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ವೈದ್ಯರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಇನ್ನೊಬ್ಬ ಬಡ ರೋಗಿಗೆ ಆಗುತ್ತದೆಂದು ಹಂಚದೆ, ಕೊಟ್ಟ ಆಸ್ಪತ್ರೆಗೇ ಲೆಕ್ಕ ಒಪ್ಪಿಸಿ ಹಿಂತಿರುಗಿಸಬೇಕು. ಏಳನೇ ದಿನದ ಪೂಜೆಯ ಓಡಾಟದಲ್ಲಿ ಇದು ಮರೆತುಹೋಗುವುದು ಸಹಜ. ವಾಳೆಯ ಗುರಿಕಾರರು ನೆನಪಿಸಿದರೆ ಉಪಕಾರವಾಗುತ್ತದೆ.